ಸುಳ್ಳು ಹೇಳಿದರೆ ಲಾಭವಿಲ್ಲದ ವೋಟು



ಈ ಸಲದ ಪಾಠ ಅರ್ಧ ಗಣಿತ, ಅರ್ಧ ಪೌರನೀತಿ. ಪರೀಕ್ಷೆಗೆ ಬರೋದಿಲ್ಲ. ಆದರೆ ಪ್ರವಾಸಕ್ಕೆ ತಲಾ ಎಷ್ಟು ಹಾಕಬೇಕು, ಎಲ್ಲಿಗೆ ಹೋಗಬೇಕು, ಕ್ಲಾಸ್ ಲೀಡರ್ ಯಾರಾಗಬೇಕು ಅಂತ ವರ್ಷಕ್ಕೆ ನಾಲ್ಕಾರು ಸಲ ನಾವು ವೋಟು ಹಾಕುತ್ತೇವಲ್ಲ, ಅದಕ್ಕೆ ಬೇಕಾಗುತ್ತದೆ.

ಮನಸ್ಸಿನಲ್ಲಿ ಇರುವುದನ್ನು ಹೇಳುವುದೇ ವೋಟು ಎಂದು ನಾವು ತಿಳಿದಿದ್ದೇವೆ. ನಡೆಯುವುದು ಬೇರೆ. 'ಕೈ ಎತ್ತಿ' ಅಂದಕೂಡಲೇ ನಾವು ಮೊದಲು ಅಕ್ಕಪಕ್ಕ ನೋಡ್ತೀವಿ. 'ನನಗೆ ಇಷ್ಟವಾದೋನು ಹೇಗೂ ಗೆಲ್ಲೋದಿಲ್ಲ, ವೋಟು ಯಾಕೆ ಹಾಳು ಮಾಡ್ಲಿ' ಅಂತ ಎರಡನೆಯವನಿಗೆ ಹಾಕ್ತೀವಿ. ಕೆಲವರು ಗೆದ್ದೆತ್ತಿನ ಬಾಲ ಹಿಡಿಯುತ್ತಾರೆ. ಇದನ್ನೆಲ್ಲ ಮೋಸ ಎಂದು ಬೈಯಲು ನನಗೆ ಮನಸ್ಸಿಲ್ಲ. ನಿಜ ಹೇಳಿದವನಿಗೆ ನಷ್ಟ, ಲೆಕ್ಕ ಹಾಕಿದವನಿಗೆ ಲಾಭ ಅನ್ನುವ ಹಾಗೆ ನಿಯಮವಿದ್ದರೆ ಯಾರಾದರೂ ಲೆಕ್ಕವೇ ಹಾಕುತ್ತಾರೆ. ಹಾಗಾದರೆ ನಿಜ ಹೇಳಿದವನಿಗೆ ನಷ್ಟವೇ ಆಗದಂಥ ನಿಯಮ ಮಾಡಲು ಬರುತ್ತದೆಯೇ? ಅದೇ ಇಲ್ಲಿಯ ಪ್ರಶ್ನೆ.

ಮೊದಲು ದುಡ್ಡಿನ ಲೆಕ್ಕ

ಐದು ಜನ ಪ್ರವಾಸ ಹೋಗಬೇಕು. ತಲಾ ಎಷ್ಟು ಹಾಕೋಣ ಎಂದು ಕೇಳಿದರೆ ಅವರ ಮನಸ್ಸಿನಲ್ಲಿ ಇರುವುದು ಹೀಗೆ: 100, 150, 200, 250, 300 ರೂಪಾಯಿ. ನಮಗೆ ಗೊತ್ತಿರುವ ದಾರಿ ಸರಾಸರಿ. ಕೂಡಿದರೆ 1000, ಐದರಿಂದ ಭಾಗಿಸಿದರೆ 200. ನ್ಯಾಯವಾಗಿಯೇ ಕಾಣುತ್ತದೆ.

ಈಗ ಮುನ್ನೂರರವನು ಚುರುಕು ಅಂತ ಇಟ್ಟುಕೊಳ್ಳಿ. ಅವನು ಚೀಟಿಯಲ್ಲಿ 300 ಎಂದು ಬರೆಯುವ ಬದಲು 800 ಎಂದು ಬರೆದ. ಮೊತ್ತ 1500 ಆಯಿತು, ಸರಾಸರಿ ಸರಿಯಾಗಿ 300! ಒಂದೇ ಸುಳ್ಳಿಗೆ ಇಡೀ ಗುಂಪು ಅವನ ಮನಸ್ಸಿಗೆ ಬಂದು ನಿಂತಿತು. ನೂರರವನಿಗೆ ಇದು ತಿಳಿದು ಅವನೂ ಸುಳ್ಳು ಹೇಳಿದ ಅನ್ನಿ. ಅವನು ಎಷ್ಟು ಇಳಿಯಬಲ್ಲ? ಸೊನ್ನೆಯವರೆಗೆ ಮಾತ್ರ. ಮೊತ್ತ 1400, ಸರಾಸರಿ 280. ಇಪ್ಪತ್ತು ರೂಪಾಯಿ ಇಳಿಸುವಷ್ಟರಲ್ಲಿ ಅವನ ಸುಳ್ಳು ಮುಗಿದುಹೋಯಿತು. ಅತ್ತ ಮುನ್ನೂರರವನು ಇನ್ನೂ ಸಾವಿರ, ಎರಡು ಸಾವಿರ ಅಂತ ಏರಿಸುತ್ತಾ ಹೋಗಬಹುದು, ತಡೆಯೇ ಇಲ್ಲ. ನೋಡಿ, ಸರಾಸರಿಯಲ್ಲಿ ಇಬ್ಬರಿಗೂ ಸುಳ್ಳು ಹೇಳಲು ಅವಕಾಶ ಇದೆ, ಆದರೆ ಇದ್ದವನ ಸುಳ್ಳಿಗೆ ಬಲ ಹೆಚ್ಚು. ಈ ಒಂದು ಮಾತಿಗಾಗಿಯೇ ನಾನು ಈ ಪಾಠ ಬರೆಯಲು ಕೂತದ್ದು.

ಸರಾಸರಿ ಬಿಟ್ಟು ಮಧ್ಯಾಂಕ ತೆಗೆದುಕೊಳ್ಳೋಣ. ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನದನ್ನು ಆರಿಸುವುದು. ಇಲ್ಲಿಯೂ 200 ಬಂತು. ಈಗ ಮುನ್ನೂರರವನು 800 ಎಂದು ಬರೆಯಲಿ, ಎಂಟು ಸಾವಿರ ಎಂದೇ ಬರೆಯಲಿ, ನಡುವೆ ಇರುವುದು 200 ಮಾತ್ರ. ಅಲುಗುವುದಿಲ್ಲ. ಇಳಿಸಿ ಬರೆದರೆ? 120 ಎಂದು ಬರೆದ ಅನ್ನಿ, ಸಾಲು 100, 120, 150, 200, 250 ಆಗಿ ನಡುವಿನದು 150 ಆಯಿತು. ಅವನಿಗೆ ಬೇಕಾದ್ದು 300, ಸಿಕ್ಕಿದ್ದು ಇನ್ನೂ ದೂರ. ನೂರರವನೂ ಅಷ್ಟೇ. ಸೊನ್ನೆ ಬರೆದರೆ ಏನೂ ಆಗದು, 240 ಬರೆದರೆ ನಡುವಿನದು 240ಕ್ಕೇರಿ ಅವನಿಗೇ ಪೆಟ್ಟು. ನಡುವಿನವನಂತೂ ಕೇಳಿದ್ದೇ ಪಡೆದಿದ್ದಾನೆ, ಅವನಿಗೆ ಸುಳ್ಳಿನ ಹಂಗೇ ಬೇಡ. ಅಂದರೆ ಸುಳ್ಳು ಹೇಳಿದರೆ ಒಂದೋ ಏನೂ ಆಗೋದಿಲ್ಲ, ಇಲ್ಲವೇ ಹೇಳಿದವನಿಗೇ ತಿರುಗಿ ಬೀಳುತ್ತದೆ.

ಒಂದು ಷರತ್ತಿದೆ. ಪ್ರತಿಯೊಬ್ಬನಿಗೂ ಒಂದು ಮೆಚ್ಚಿನ ಸಂಖ್ಯೆ ಇರಬೇಕು, ಅದರಿಂದ ಯಾವ ಕಡೆಗೆ ದೂರ ಹೋದರೂ ಹೋದಷ್ಟೂ ಅವನಿಗೆ ಬೇಸರ ಹೆಚ್ಚಬೇಕು. ದುಡ್ಡು, ಹೊತ್ತು, ದೂರ ಇಂಥ ವಿಷಯಗಳಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ. 1948ರಲ್ಲಿ ಡಂಕನ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು ಇದನ್ನು ಗಣಿತದ ರೀತಿಯಲ್ಲಿ ಬಿಡಿಸಿ ತೋರಿಸಿದರು. ಚೀಟಿಗಳು ಸಮಸಂಖ್ಯೆಯಲ್ಲಿದ್ದರೆ ನಡುವೆ ಎರಡು ಬರುತ್ತವೆ. ಆಗ ಕೆಳಗಿನದು ಎಂದು ಮೊದಲೇ ಮಾತಾಡಿಕೊಂಡರೆ ಸಾಕು.

ಅವರಿಗಿಂತ ಮುಂಚೆಯೇ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ 'ನೇಚರ್' ಪತ್ರಿಕೆಗೆ ಇದೇ ವಿಷಯವಾಗಿ ಒಂದು ಕಾಗದ ಬರೆದಿದ್ದರು. ಪರಿಹಾರದ ಮೊತ್ತ ನಿಗದಿ ಮಾಡುವ ಪಂಚರು, ದುಡ್ಡು ಹಂಚುವ ಸಭೆಗಳು ಸರಾಸರಿ ಹಿಡಿಯಬಾರದು, ಹಿಡಿದರೆ ಯಾರ ಮಾತು ಎಷ್ಟು ವಿಪರೀತವೋ ಅವರಿಗೆ ಅಷ್ಟು ಬಲ ಕೊಟ್ಟಂತೆ, ಅದಕ್ಕೆ ನಡುವಿನದನ್ನು ಹಿಡಿಯಿರಿ ಎಂಬುದು ಅದರ ಸಾರ. ಒಂದು ವಾರದ ಮೇಲೆ ಇನ್ನೊಂದು ಲೇಖನದಲ್ಲಿ ಪ್ಲಿಮತ್ ಊರಿನ ದನದ ಪ್ರದರ್ಶನದ ಲೆಕ್ಕ ಕೊಟ್ಟರು. ಅಲ್ಲಿ ಒಂದು ಕೊಬ್ಬಿದ ಎತ್ತನ್ನು ತೋರಿಸಿ, ಕೊಂದು ಹಸನು ಮಾಡಿದ ಮೇಲೆ ಎಷ್ಟು ತೂಗುತ್ತದೆ ಎಂದು ಜನರಿಂದ ಚೀಟಿ ಬರೆಸಿದ್ದರು. ಓದಲು ಬಂದ ಚೀಟಿ 787. ನಡುವಿನ ಚೀಟಿ 1207 ಪೌಂಡು, ನಿಜವಾದ ತೂಕ 1198. ಒಂಬತ್ತು ಪೌಂಡು ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಕಿಲೋ ವ್ಯತ್ಯಾಸ. ಎತ್ತಿನ ವ್ಯಾಪಾರದಲ್ಲಿ ಪಳಗಿದವರೂ ಮೆಚ್ಚುವ ಅಂದಾಜು.

ಒಲಿಂಪಿಕ್ಸ್‌ನಲ್ಲಿ ಎತ್ತರದಿಂದ ನೀರಿಗೆ ಧುಮುಕುವ ಡೈವಿಂಗ್ ಸ್ಪರ್ಧೆಯಲ್ಲೂ ಇದರ ಹತ್ತಿರದ ನೆಂಟ ಇದ್ದಾನೆ. ಏಳು ಜನ ತೀರ್ಪುಗಾರರು ಅಂಕ ಕೊಟ್ಟರೆ ಮೇಲಿನ ಎರಡು, ಕೆಳಗಿನ ಎರಡು ತೆಗೆದುಹಾಕಿ ನಡುವಿನ ಮೂರನ್ನೇ ಲೆಕ್ಕ ಹಿಡಿಯುತ್ತಾರೆ. ತಮ್ಮ ದೇಶದವನಿಗೆ ಒಬ್ಬರು ಹತ್ತಕ್ಕೆ ಹತ್ತು ಕೊಟ್ಟರೂ ಅದು ಹೆಚ್ಚು ಉಪಯೋಗಕ್ಕೆ ಬಾರದು.

ಎಲ್ಲಿಗೆ ಹೋಗೋದು?

ದುಡ್ಡನ್ನು ಸಾಲಾಗಿ ಜೋಡಿಸಬಹುದು. ಊರುಗಳನ್ನು ಹಾಗೆ ಜೋಡಿಸಲು ಆಗುವುದಿಲ್ಲ. ಹಂಪಿಗೂ ಜೋಗಕ್ಕೂ 'ನಡುವಿನದು' ಯಾವುದು? ಇಲ್ಲಿಂದಲೇ ತೊಂದರೆ ಶುರು.

ಫ್ರಾನ್ಸಿನಲ್ಲಿ ಝಾನ್ ಶಾರ್ಲ್ ದ ಬೋರ್ಡಾ ಎಂಬುವರು ಇದ್ದರು. ನೌಕಾಪಡೆಯವರು, ಗಣಿತಜ್ಞರು. 1770ರಲ್ಲಿ ಅವರು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಉಪಾಯ ಇಟ್ಟರು. ಒಬ್ಬೊಬ್ಬರೂ ಒಂದೇ ಹೆಸರು ಬರೆಯುವ ಬದಲು ಎಲ್ಲ ಹೆಸರನ್ನೂ ಇಷ್ಟದ ಕ್ರಮದಲ್ಲಿ ಬರೆಯಲಿ. ಮೂರು ಹೆಸರಿದ್ದರೆ ಮೊದಲನೆಯದಕ್ಕೆ 2 ಅಂಕ, ಎರಡನೆಯದಕ್ಕೆ 1, ಕೊನೆಯದಕ್ಕೆ 0. ಹೆಚ್ಚು ಅಂಕ ಬಂದದ್ದು ಗೆದ್ದಿತು. ಓದಿದಾಗ ನನಗೂ 'ಅಬ್ಬಾ, ಎಷ್ಟು ಚೆನ್ನಾಗಿದೆ' ಅನ್ನಿಸಿತು. ಮಾಡಿ ನೋಡೋಣ.

ಕ್ಲಾಸಿನಲ್ಲಿ 30 ಜನ. ಮೂರು ಜಾಗ: ಹಂಪಿ, ಜೋಗ, ನಮ್ಮೂರ ಕೆರೆ ಏರಿ. 14 ಜನಕ್ಕೆ ಹಂಪಿ ಮೊದಲು, ಆಮೇಲೆ ಜೋಗ, ಕೊನೆಗೆ ಕೆರೆ ಏರಿ. 13 ಜನಕ್ಕೆ ಜೋಗ ಮೊದಲು, ಆಮೇಲೆ ಹಂಪಿ, ಕೊನೆಗೆ ಕೆರೆ ಏರಿ. ಉಳಿದ 3 ಜನಕ್ಕೆ ಬಸ್ಸು ಹತ್ತಿದರೆ ವಾಂತಿ. ಅವರದು ಕೆರೆ ಏರಿ ಮೊದಲು, ಆಮೇಲೆ ಹಂಪಿ, ಆಮೇಲೆ ಜೋಗ. ಎಲ್ಲರೂ ನಿಜ ಬರೆದರೆ ಹಂಪಿಗೆ 44, ಜೋಗಕ್ಕೆ 40, ಕೆರೆ ಏರಿಗೆ 6. ಹಂಪಿಗೆ ಹೊರಡಬಹುದು.

ಜೋಗದವರು ಊಟದ ಬಿಡುವಿನಲ್ಲಿ ಮರದ ಕೆಳಗೆ ಸೇರಿ, 'ನಾವು ಹಂಪಿಗೆ ಎರಡನೇ ಸ್ಥಾನ ಕೊಟ್ಟು ಹದಿಮೂರು ಅಂಕ ಸುಮ್ಮನೆ ದಾನ ಮಾಡ್ತಿದ್ದೀವಲ್ಲೋ' ಅಂತ ಲೆಕ್ಕ ಹಾಕುತ್ತಾರೆ. ಹಂಪಿಯನ್ನು ಕೊನೆಗೆ ತಳ್ಳಿ ಕೆರೆ ಏರಿಯನ್ನು ನಡುವೆ ಬರೆಯುತ್ತಾರೆ. ಈಗ ಹಂಪಿ 31, ಜೋಗ 40, ಕೆರೆ ಏರಿ 19. ಜೋಗ ಗೆದ್ದಿತು. ಸುಳ್ಳಿಗೆ ಭರ್ಜರಿ ಲಾಭ!

ಆದರೆ ಹಂಪಿಯವರೇನು ದಡ್ಡರೇ? ಅವರೂ ಜೋಗವನ್ನು ಕೊನೆಗೆ ತಳ್ಳಿ ಕೆರೆ ಏರಿಯನ್ನು ನಡುವೆ ಬರೆದರು. ಕೂಡಿ ನೋಡಿ: ಹಂಪಿ 31, ಜೋಗ 26, ಕೆರೆ ಏರಿ 33. ಮೂವತ್ತರಲ್ಲಿ ಇಪ್ಪತ್ತೇಳು ಜನ ಬೇಡವೇ ಬೇಡ ಅಂದಿದ್ದ ಕೆರೆ ಏರಿಗೆ ಬುತ್ತಿ ಕಟ್ಟಿಕೊಂಡು ನಡೆದು ಹೋಗಬೇಕು. ಆ ಮೂವರು ಮಾತ್ರ ಒಂದಿಷ್ಟೂ ಸುಳ್ಳು ಹೇಳಿಲ್ಲ.

ಇದು ಬರೀ ಕಾಗದದ ಮೇಲಿನ ಆಟ ಅಂದುಕೊಳ್ಳಬೇಡಿ. ಶಾಂತಸಾಗರದಲ್ಲಿ ಕಿರಿಬಾಟಿ ಎಂಬ ಸಣ್ಣ ದ್ವೀಪದೇಶ ಇದೆ, ಅಲ್ಲಿಯವರು ಕಿರಿಬಾಸ್ ಅನ್ನುತ್ತಾರೆ. ಅಲ್ಲಿ ಅಧ್ಯಕ್ಷ ಚುನಾವಣೆಗೆ ಯಾರು ನಿಲ್ಲಬೇಕೆಂದು ಶಾಸನಸಭೆಯವರು ಇಂಥದೇ ಅಂಕ ಪದ್ಧತಿಯಲ್ಲಿ ಆರಿಸುತ್ತಿದ್ದರು. 1991ರಲ್ಲಿ ಸಭೆಯವರು ಹೀಗೆಯೇ ಲೆಕ್ಕ ಹಾಕಿ ವೋಟು ಮಾಡಿದ್ದರಿಂದ ಜನಪ್ರಿಯರಾಗಿದ್ದ ಇಬ್ಬರು ಜನರ ಮುಂದೆ ಬರುವ ಮೊದಲೇ ಹೊರಬಿದ್ದರು. ಬೋರ್ಡಾ ಅವರ ಕಾಲದಲ್ಲೇ ಈ ಆಕ್ಷೇಪಣೆ ಬಂದಿತ್ತು. ನನ್ನ ಪದ್ಧತಿ ಪ್ರಾಮಾಣಿಕರಿಗೆ ಮಾತ್ರ ಎಂಬರ್ಥದ ಉತ್ತರ ಕೊಟ್ಟರಂತೆ. ಉತ್ತರವೇನೋ ಗಂಭೀರವಾಗಿದೆ, ಆದರೆ ಪ್ರಾಮಾಣಿಕರೇ ತುಂಬಿದ ಕ್ಲಾಸಿನಲ್ಲಿ ಯಾವ ಪದ್ಧತಿಯಾದರೂ ನಡೆಯುತ್ತದಲ್ಲ!

ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲೂ ಶಾಸಕರು, ಸಂಸದರು ಪ್ರಾಶಸ್ತ್ಯದ ಕ್ರಮದಲ್ಲಿ 1, 2, 3 ಎಂದು ಬರೆಯುತ್ತಾರೆ. ಆದರೆ ಅಲ್ಲಿ ಅಂಕ ಕೂಡಿಸುವುದಿಲ್ಲ. ಒಬ್ಬರ ಮೊದಲ ಪ್ರಾಶಸ್ತ್ಯದ ಅಭ್ಯರ್ಥಿ ಸ್ಪರ್ಧೆಯಿಂದ ಹೊರಗೆ ಹೋದ ಮೇಲೆ ಮಾತ್ರ ಅವರ ಎರಡನೆಯದನ್ನು ನೋಡುತ್ತಾರೆ. 1969ರಲ್ಲಿ ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದೆ, ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಿದ ಮೇಲೆ ವಿ.ವಿ. ಗಿರಿ ಗೆದ್ದರು. ಹಾಗಾಗಿ ಎದುರಾಳಿಯನ್ನು ಕೊನೆಗೆ ತಳ್ಳುವ ಜೋಗದವರ ಉಪಾಯ ಅಲ್ಲಿ ಕೆಲಸ ಮಾಡದು. ಬೇರೆ ಕಡೆ ಕಿಂಡಿ ಇದೆ: ತಮ್ಮವನು ಹೇಗೂ ಮುಂದೆ ಇದ್ದಾನೆಂದು ಗೊತ್ತಿದ್ದವರು ಕೆಲವು ವೋಟನ್ನು ಬಡಪಾಯಿ ಎದುರಾಳಿಗೆ ಸಾಲ ಕೊಟ್ಟು, ಗಟ್ಟಿ ಎದುರಾಳಿ ಮೊದಲೇ ಹೊರಹೋಗುವಂತೆ ಮಾಡಬಹುದು.

ರೋಮ್ ಸಭೆಯಲ್ಲಿ ನಡೆದದ್ದು

ಈ ಕಥೆ ನನಗೆ ಬಹಳ ಹಿಡಿಸಿತು. ಕ್ರಿ.ಶ. 105ರಲ್ಲಿ ರೋಮ್‌ನ ಅಫ್ರಾನಿಯಸ್ ಡೆಕ್ಸ್ಟರ್ ಎಂಬ ದೊಡ್ಡ ಅಧಿಕಾರಿ ಮನೆಯಲ್ಲಿ ಸತ್ತಿದ್ದ. ತಾನೇ ಪ್ರಾಣ ಕಳೆದುಕೊಂಡನೋ, ಮನೆಯ ಆಳುಗಳು ಕೊಂದರೋ, ಅವನೇ ಹೇಳಿ ಕೊಲ್ಲಿಸಿಕೊಂಡನೋ ತಿಳಿಯಲಿಲ್ಲ. ಅವನು ಗುಲಾಮಗಿರಿಯಿಂದ ಬಿಡಿಸಿದ್ದ ಕೆಲವರು ಮನೆಯಲ್ಲಿದ್ದರು. ಅವರನ್ನು ಏನು ಮಾಡುವುದು ಎಂದು ಸೆನೆಟ್ ಸಭೆ ಕೂಡಿತು. ಮೂರು ಮಾತು ಬಂದವು: ಬಿಟ್ಟುಬಿಡೋಣ, ಗಡೀಪಾರು ಮಾಡೋಣ, ಮರಣದಂಡನೆ ಕೊಡೋಣ.

ಸಭೆಯಲ್ಲಿದ್ದ ಪ್ಲಿನಿಗೆ ಬಿಟ್ಟುಬಿಡುವುದೇ ಸರಿ ಎನಿಸಿತ್ತು. ಮೂರು ಗುಂಪಿನಲ್ಲಿ ಅದೇ ದೊಡ್ಡದು, ಆದರೆ ಅರ್ಧಕ್ಕಿಂತ ಕಡಿಮೆ. ಉಳಿದಿಬ್ಬರೂ ಸೇರಿದರೆ ಸೋಲು. ಅದಕ್ಕೆ ಪ್ಲಿನಿ ಒಂದು ವಾದ ಹೂಡಿದ: ಸಾಯಿಸಿ ಅನ್ನುವವರೂ ಊರು ಬಿಡಿಸಿ ಅನ್ನುವವರೂ ಒಂದೇ ಕಡೆ ಕೂರುವುದು ಯಾವ ನ್ಯಾಯ? ಮೂರು ಗುಂಪೂ ಬೇರೆ ಬೇರೆ ನಿಲ್ಲಲಿ, ದೊಡ್ಡದು ಗೆಲ್ಲಲಿ. ಸಭೆ ಒಪ್ಪಿತು. ಕೇಳಲು ನ್ಯಾಯ, ಒಳಗೆ ಲೆಕ್ಕ.

ಆಗ ಮರಣದಂಡನೆ ಕೇಳಿದ್ದವನು ಏನು ಮಾಡಿದ ಗೊತ್ತೆ? ತನ್ನ ಮಾತನ್ನು ಕೈಬಿಟ್ಟು ಗಡೀಪಾರಿನವರ ಕಡೆ ಹೋಗಿ ನಿಂತ. ಅವನ ಕಡೆಯವರೂ ಹಿಂದೆಯೇ ಹೋದರು. ತಾವು ಗೆಲ್ಲುವುದಿಲ್ಲ ಎಂದಾದ ಮೇಲೆ ಬಿಡುಗಡೆಗಿಂತ ಗಡೀಪಾರೇ ವಾಸಿ ಎಂದು ಅವರ ಎಣಿಕೆ. ಪ್ಲಿನಿಯ ಲೆಕ್ಕ ತಲೆಕೆಳಗಾಯಿತು. ಆಮೇಲೆ ಅವನು ಕಾನೂನು ಬಲ್ಲ ಗೆಳೆಯನೊಬ್ಬನಿಗೆ ಉದ್ದದ ಕಾಗದ ಬರೆದು ತಾನು ಮಾಡಿದ್ದು ಸರಿಯೋ ಎಂದು ಕೇಳಿದ. ಆ ಕಾಗದ ಉಳಿದದ್ದರಿಂದಲೇ ನಮಗೆ ಇದೆಲ್ಲ ಗೊತ್ತಾಗಿದ್ದು. ಗಮನಿಸಿ, ಇಲ್ಲಿ ಲೆಕ್ಕ ಹಾಕಿದ್ದು ವೋಟು ಹಾಕಿದವರು ಮಾತ್ರವಲ್ಲ, ವೋಟಿನ ನಿಯಮ ಹಾಕಿದವನೂ ಸಹ. ಇನ್ನೊಂದು ತಮಾಷೆ: ಬಿಡುಗಡೆ, ಗಡೀಪಾರು, ಮರಣ ಈ ಮೂರನ್ನು ಮೆದುವಿನಿಂದ ಕಠಿಣಕ್ಕೆ ಸಾಲಾಗಿ ಇಡಬಹುದು. ಗಡೀಪಾರು ನಡುವಿನದು. ಇಷ್ಟೆಲ್ಲ ಗುದ್ದಾಡಿ ಸಭೆ ವಾಲಿದ್ದು ಮಧ್ಯಾಂಕದ ಕಡೆಗೇ!

ಗೋಡೆಗೆ ತಲೆ ತಾಕುವ ಜಾಗ

ಇಷ್ಟು ವರ್ಷ ಇಷ್ಟು ಜನ ಹುಡುಕಿದರೂ ಮೂರು ಊರಿನ ಪ್ರಶ್ನೆಗೆ ಪೂರ್ತಿ ಭದ್ರವಾದ ನಿಯಮ ಯಾಕೆ ಸಿಗಲಿಲ್ಲ? ಅಮೆರಿಕದ ತತ್ವಶಾಸ್ತ್ರಜ್ಞ ಅಲನ್ ಗಿಬ್ಬಾರ್ಡ್ 1973ರಲ್ಲಿ, ಅರ್ಥಶಾಸ್ತ್ರಜ್ಞ ಮಾರ್ಕ್ ಸ್ಯಾಟರ್ತ್‌ವೇಟ್ 1975ರಲ್ಲಿ, ಬೇರೆ ಬೇರೆಯಾಗಿ ಒಂದೇ ಉತ್ತರ ಸಾಧಿಸಿದರು: ಅಂಥ ನಿಯಮ ಇಲ್ಲ. ಆಯ್ಕೆಗೆ ಮೂರು ಅಥವಾ ಹೆಚ್ಚು ಇದ್ದು, ಅವುಗಳಲ್ಲಿ ಯಾವುದಾದರೂ ಗೆಲ್ಲುವ ಅವಕಾಶ ಇದ್ದು, ಯಾರು ಯಾವ ಕ್ರಮದಲ್ಲಿ ಬೇಕಾದರೂ ಇಷ್ಟಪಡಬಹುದು ಎಂದಾದರೆ, ಚೀಟಿ ಎತ್ತದೆ ಲೆಕ್ಕದಿಂದಲೇ ತೀರ್ಮಾನಿಸುವ ಯಾವ ನಿಯಮದಲ್ಲೂ ಎಲ್ಲೋ ಒಂದು ಸಂದರ್ಭದಲ್ಲಿ ಯಾರೋ ಒಬ್ಬನಿಗೆ ಸುಳ್ಳಿನಿಂದ ಲಾಭ ಇದ್ದೇ ಇರುತ್ತದೆ. ತಪ್ಪಿಸಿಕೊಳ್ಳುವ ನಿಯಮ ಒಂದೇ ಬಗೆಯದು: ಒಬ್ಬನನ್ನು ಸರ್ವಾಧಿಕಾರಿ ಮಾಡಿ ಅವನು ಹೇಳಿದ್ದೇ ಆಗಲಿ ಅನ್ನುವುದು. ಅವನಿಗೆ ಸುಳ್ಳು ಹೇಳುವ ಅಗತ್ಯವಿಲ್ಲ, ಉಳಿದವರು ಸುಳ್ಳು ಹೇಳಿದರೂ ಉಪಯೋಗವಿಲ್ಲ!

ಎಲ್ಲ ಚುನಾವಣೆಯೂ ಮೋಸ ಎಂದು ಇದರ ಅರ್ಥ ಅಲ್ಲ. ಲಕ್ಷ ಜನ ವೋಟು ಹಾಕುವ ಕಡೆ ಒಬ್ಬನ ಲೆಕ್ಕದಿಂದ ಫಲಿತಾಂಶ ತಿರುಗುವುದು ತೀರ ಅಪರೂಪ. ಆದರೂ ಆಗುವುದೇ ಇಲ್ಲ ಎನ್ನಬೇಡಿ. 2004ರಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ವೋಟು ಬಂದವು. ಒಂದೇ ಒಂದು! ಮೂವತ್ತು ಜನರ ಕ್ಲಾಸಿನಲ್ಲಂತೂ ಒಂದೆರಡು ವೋಟಿನ ಆಟ ದಿನವೂ ನಡೆಯುವಂಥದ್ದು.

ಗೋಡೆಯಲ್ಲಿ ಬಾಗಿಲು ಎಲ್ಲಿದೆ?

ಪ್ರಮೇಯವನ್ನು ಸರಿಯಾಗಿ ಓದಿದರೆ ಬಾಗಿಲುಗಳು ಅದರೊಳಗೇ ಕಾಣುತ್ತವೆ. ಆಯ್ಕೆ ಎರಡೇ ಇದ್ದರೆ ತೊಂದರೆಯಿಲ್ಲ. ಬಹುಮತವೇ ಸಾಕು, ಬೇಡದ್ದಕ್ಕೆ ವೋಟು ಹಾಕಿ ಯಾರಿಗೂ ಏನೂ ಗಿಟ್ಟದು. ಆದರೆ ಮೂರನ್ನು ಎರಡಕ್ಕೆ ಇಳಿಸಿದವರು ಯಾರು ಎಂದು ಕೇಳುವುದನ್ನು ಮಾತ್ರ ಬಿಡಬೇಡಿ. ಪ್ಲಿನಿಯ ನೆನಪಿರಲಿ. ವಿಷಯವನ್ನು ಸಾಲಾಗಿ ಜೋಡಿಸಬಹುದಾದರೆ ಮಧ್ಯಾಂಕ ಇದೆ.

ಮೂರನೆಯದು ಅದೃಷ್ಟದ ಚೀಟಿ. ಎಲ್ಲರೂ ತಮಗೆ ಬೇಕಾದ ಜಾಗ ಬರೆದು ಮಡಕೆಗೆ ಹಾಕಿ, ಒಂದು ಚೀಟಿ ಎತ್ತಿ, ಅದರಲ್ಲಿ ಇದ್ದದ್ದೇ ಆಗಲಿ ಎಂದರೆ ಸುಳ್ಳು ಬರೆದು ಏನು ಸುಖ? ನನ್ನ ಚೀಟಿ ಬಂದರೆ ನಾನು ಬರೆದದ್ದೇ ಆಗುತ್ತದಲ್ಲ. ಆದರೆ ಕೆರೆ ಏರಿ ಬರುವ ಸಾಧ್ಯತೆಯೂ ಮೂವತ್ತರಲ್ಲಿ ಮೂರು ಇರುತ್ತದೆ, ಅದನ್ನು ಒಪ್ಪಲು ತಯಾರಿರಬೇಕು.

ಚೀಟಿ ಎತ್ತುವುದು ನಮ್ಮ ಕಡೆಯ ಹಳೆಯ ಪದ್ಧತಿಯೇ. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರಿನ ದೇವಸ್ಥಾನದ ಗೋಡೆಯ ಮೇಲೆ ಚೋಳ ಅರಸ ಪರಾಂತಕನ ಕಾಲದ, ಸುಮಾರು ಕ್ರಿ.ಶ. 919 ಮತ್ತು 921ರ ಶಾಸನಗಳಿವೆ. ಊರಿನ 30 ಭಾಗಗಳಿಂದ ಯೋಗ್ಯರ ಹೆಸರನ್ನು ಓಲೆಯಲ್ಲಿ ಬರೆದು ಮಡಕೆಗೆ ಹಾಕಿ, ಎಲ್ಲರ ಎದುರು, ಏನೂ ಅರಿಯದ ಸಣ್ಣ ಹುಡುಗನ ಕೈಯಿಂದ ಎತ್ತಿಸುತ್ತಿದ್ದರು. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವರ ಹೆಸರು ಮಡಕೆಗೆ ಹಾಕುವಂತಿಲ್ಲ. ಮಡಕೆಯ ಮುಂದೆ ಶಿಫಾರಸು ನಡೆಯದು, ಗುಂಪುಗಾರಿಕೆ ನಡೆಯದು. ಆದರೆ ಜಮೀನು, ಮನೆ, ವೇದವಿದ್ಯೆ ಇದ್ದವರ ಹೆಸರಷ್ಟೇ ಮಡಕೆಗೆ ಹೋಗುತ್ತಿತ್ತು. ಉತ್ತು ಬಿತ್ತುವವರದು ಇಲ್ಲ, ಹೆಂಗಸರದು ಇಲ್ಲ. ಮಡಕೆ ಮೋಸ ಮಾಡದು ನಿಜ, ಒಳಗೆ ಯಾರ ಹೆಸರು ಹೋಗಬೇಕು ಎಂಬುದನ್ನು ಮಡಕೆ ತೀರ್ಮಾನಿಸುವುದಿಲ್ಲ.

ನೂರರವನ ಗತಿ?

ಮಧ್ಯಾಂಕವನ್ನು ಇಷ್ಟು ಹೊಗಳಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು. ನೀವು ನಡುವಿನಿಂದ ಯಾವ ಕಡೆಗಿದ್ದೀರಿ ಎಂದಷ್ಟೇ ಅದು ನೋಡುತ್ತದೆ, ಎಷ್ಟು ಕಷ್ಟದಲ್ಲಿದ್ದೀರಿ ಎಂದು ನೋಡುವುದಿಲ್ಲ. 200 ಎಂದು ತೀರ್ಮಾನವಾದರೆ ಮುನ್ನೂರರವನಿಗೆ ಬರೀ ಬೇಸರ. ಆದರೆ ನೂರರವನ ಅಪ್ಪ ಕೂಲಿಗೆ ಹೋಗುವವರಾದರೆ ಅವನು ಮನೆಯಲ್ಲೇ ಉಳಿಯುತ್ತಾನೆ. 'ಹೊಟ್ಟೆನೋವು' ಅಂತ ರಜೆ ಚೀಟಿ ಬರೆದುಕೊಡುತ್ತಾನೆ. ಪ್ರತಿ ಪ್ರವಾಸದ ದಿನ ಯಾರಿಗೆ ಹೊಟ್ಟೆನೋವು ಬರುತ್ತದೆ ಎಂದು ಹಾಜರಿ ಪುಸ್ತಕ ನೋಡಿದರೆ ಗೊತ್ತಾಗುತ್ತದೆ.

ಇದಕ್ಕೂ ಗಣಿತದಲ್ಲಿ ದಾರಿ ಇದೆ. 1980ರಲ್ಲಿ ಫ್ರಾನ್ಸಿನ ಎರ್ವೇ ಮೂಲಾಂ ಎಂಬುವರು ಇಂಥ ನಿಯಮಗಳೆಲ್ಲವನ್ನೂ ಒಂದು ಚೌಕಟ್ಟಿನಲ್ಲಿ ತಂದರು. ನಡುವಿನ ಚೀಟಿಯನ್ನೇ ಹಿಡಿಯಬೇಕೆಂದಿಲ್ಲ. ಕೆಳಗಿನಿಂದ ಎರಡನೆಯದು, ಮೂರನೆಯದು, ಕಡೆಗೆ ಎಲ್ಲಕ್ಕಿಂತ ಕೆಳಗಿನದನ್ನೇ ಹಿಡಿದರೂ ಸುಳ್ಳಿಗೆ ಲಾಭ ಇರುವುದಿಲ್ಲ. ನಮ್ಮ ಐವರಲ್ಲಿ ಎಲ್ಲಕ್ಕಿಂತ ಕೆಳಗಿನದು ಎಂದರೆ 100, ಎರಡನೆಯದು ಎಂದರೆ 150. ನೂರರವನು ಇನ್ನೂ ಇಳಿಸಿ 50 ಬರೆದರೆ ಮೊದಲ ನಿಯಮದಲ್ಲಿ ಪ್ರವಾಸ ಐವತ್ತು ರೂಪಾಯಿಯದಾಗುತ್ತದೆ. ಅದು ಅವನಿಗೂ ಬೇಡ, ಅವನಿಗೆ ಬೇಕಾದ್ದು ನೂರರದು. ಹಾಗಾಗಿ ಅವನೂ ನಿಜವನ್ನೇ ಬರೆಯುತ್ತಾನೆ. ದೂರದ ಜಾಗ ತಪ್ಪಿ ಹತ್ತಿರದ ಜಾಗವಾಗುತ್ತದೆ, ಅದು ಈ ನಿಯಮಕ್ಕೆ ಕೊಡುವ ಬೆಲೆ. ಯಾರಾದರೂ ಪ್ರವಾಸವೇ ಬೇಡ ಎಂದು ನಿಜವಾಗಿ ಸೊನ್ನೆ ಬರೆದರೆ ಎಲ್ಲರದೂ ನಿಂತಂತೆ, ಅದೂ ಒಂದು ಬೆಲೆ. ನನ್ನನ್ನು ಕೇಳಿದರೆ ಮನೆಯ ದುಡ್ಡಿನ ವಿಷಯದಲ್ಲಿ ನಡುವಿಗಿಂತ ಕೆಳಗೆ, ಎರಡನೆಯದೋ ಮೂರನೆಯದೋ ಇಡುವುದು ವಾಸಿ. ಆ ಒಬ್ಬಿಬ್ಬರಿಗೆ ಮೇಷ್ಟ್ರು ಯಾರಿಗೂ ಕಾಣದ ಹಾಗೆ ದಾರಿ ಮಾಡಬಹುದು, ಹನ್ನೆರಡು ಜನಕ್ಕೆ ಮಾಡಲು ಆಗದು. ಬೇರೆಯವರಿಗೆ ಬೇರೆ ಅನ್ನಿಸಬಹುದು. ಆದರೆ ಎಷ್ಟನೆಯ ಚೀಟಿ ಎಂಬುದನ್ನು ಚೀಟಿ ಬಿಚ್ಚುವ ಮೊದಲು ಬೋರ್ಡಿನ ಮೇಲೆ ಬರೆದಿರಬೇಕು. ಬಿಚ್ಚಿದ ಮೇಲೆ ಆ ಚರ್ಚೆ ತೆಗೆದರೆ ಎಲ್ಲರೂ ಪ್ಲಿನಿಗಳೇ. ಚೀಟಿಯ ಮೇಲೆ ಹೆಸರಂತೂ ಬೇಡವೇ ಬೇಡ.

ಮಾಡಿ ನೋಡಿ: ಏಳು ಜನ ಬರೆದ ಮೊತ್ತ 40, 60, 60, 90, 120, 200, 480. ಸರಾಸರಿ ಎಷ್ಟು? ಆ ಸರಾಸರಿಗಿಂತ ಹೆಚ್ಚು ಬರೆದವರು ಎಷ್ಟು ಜನ? ಮಧ್ಯಾಂಕ ಎಷ್ಟು? ಕೆಳಗಿನಿಂದ ಎರಡನೆಯ ಚೀಟಿ ಎಂಬ ನಿಯಮ ಇಟ್ಟರೆ, ಏಳು ಜನರಲ್ಲಿ ಯಾರಾದರೂ ಬೇರೆ ಸಂಖ್ಯೆ ಬರೆದು ಲಾಭ ಮಾಡಿಕೊಳ್ಳಬಲ್ಲರೇ? ಉತ್ತರವನ್ನು ಕಾರಣದ ಸಮೇತ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ.